ಟ್ರಿಪ್ ಶೀಟು ಮತ್ತು ಮೂರು ಚಿನ್ನದ ಕಾಳು: ಪ್ರಾಸ್ಟೇಟ್ ವಿಕಿರಣ ಚಿಕಿತ್ಸೆಯ ಒಂದು ಪ್ರಕರಣ

ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಸರಿಯಾದ ಜಾಗಕ್ಕೆ ಹೊಂದಿಸಿ, ಯಂತ್ರ ನಡೆಸುವ ತಂತ್ರಜ್ಞ ನಾನು. ರೋಗ ಕಂಡುಹಿಡಿಯುವವರು, ಎಷ್ಟು ವಿಕಿರಣ ಕೊಡಬೇಕೆಂದು ತೀರ್ಮಾನಿಸುವವರು ವೈದ್ಯರು. ಅದು ಯಾವ ದಿಕ್ಕಿನಿಂದ ಹೇಗೆ ಬೀಳಬೇಕೆಂದು ಲೆಕ್ಕ ಹಾಕುವವರು ಭೌತತಜ್ಞರು. ಆದರೆ ಚಿಕಿತ್ಸೆಯ ದಿನ ರೋಗಿಯ ಬಟ್ಟೆ ಸರಿಪಡಿಸಿ, ಕಾಲಿಗೆ ಆಸರೆ ಇಟ್ಟು, ‘ಅಲುಗಾಡಬೇಡಿ’ ಎಂದು ಹೇಳಿ ಬಾಗಿಲು ಮುಚ್ಚುವವನು ನಾನು. ಹಾಗಾಗಿ ಅವರ ಮುಖದಲ್ಲಿ ಆಗುವ ಬದಲಾವಣೆಗಳು ಮೊದಲು ಕಾಣುವುದು ನನಗೆ. ಈ ಪ್ರಕರಣವನ್ನು ರೋಗಿಯ ಮತ್ತು ಅವರ ಹೆಂಡತಿಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಇದರಲ್ಲಿ ನಮ್ಮ ವಿಭಾಗದ ಒಂದು ತಪ್ಪೂ ಇದೆ. ಅದನ್ನು ಮುಚ್ಚಿಟ್ಟರೆ ಬರೆದು ಪ್ರಯೋಜನವಿಲ್ಲ.

ಪ್ರಾಸ್ಟೇಟ್ ಎಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದಕ್ಕೆ ಕರಾರುವಾಕ್ಕಾಗಿ ಗುರಿಯಿಟ್ಟು ಕೊಡುವ ವಿಕಿರಣದಲ್ಲಿ ಗುರಿಯ ಅರ್ಧ ಹೊಣೆ ಯಂತ್ರದ್ದು, ಇನ್ನರ್ಧ ರೋಗಿಯ ಮೂತ್ರಕೋಶ ಮತ್ತು ಗುದನಾಳದ್ದು. ಆ ಇನ್ನರ್ಧವನ್ನು ರೋಗಿಗೆ ವಹಿಸಿ, ಕಾರಣವನ್ನು ಮಾತ್ರ ನಾವೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ಈ ಮನುಷ್ಯ ನನಗೆ ಕಲಿಸಿದರು.

ಹಿನ್ನೆಲೆ

ವಯಸ್ಸು 67. ಮೂವತ್ತೊಂದು ವರ್ಷ ಬಸ್ ಚಾಲಕರಾಗಿ ದುಡಿದು ನಿವೃತ್ತರಾದವರು. ಏಳು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿತ್ತು, ರಕ್ತ ತೆಳುವಾಗಿಸುವ ಮಾತ್ರೆ ನಿತ್ಯ ನುಂಗುತ್ತಿದ್ದರು. ರಾತ್ರಿ ಎರಡು ಮೂರು ಬಾರಿ ಮೂತ್ರಕ್ಕೆ ಏಳುತ್ತಿದ್ದರು; ವಯಸ್ಸಾದ ಮೇಲೆ ಎಲ್ಲರಿಗೂ ಇದ್ದದ್ದೇ ಎಂದುಕೊಂಡಿದ್ದರು. ಬೇರೆ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಅಳತೆ, ಹೆಚ್ಚಾಗಿ 8.9 ಬಂತು. ಆರು ವಾರದ ನಂತರ ಮತ್ತೆ ನೋಡಿದಾಗ 9.2. ಎಂ.ಆರ್.ಐ.ಯಲ್ಲಿ ಗ್ರಂಥಿಯ ಎಡ ಅಂಚಿನಲ್ಲಿ 14 ಮಿಲಿಮೀಟರಿನ ಒಂದು ಕಲೆ ಕಂಡಿತು. ಬಯಾಪ್ಸಿಯ 12 ತುಣುಕುಗಳಲ್ಲಿ ನಾಲ್ಕರಲ್ಲಿ ಕ್ಯಾನ್ಸರ್ ಸಿಕ್ಕಿತು. ಕ್ಯಾನ್ಸರ್ ಎಷ್ಟು ಉಗ್ರವಾಗಿ ಕಾಣುತ್ತದೆ ಎಂದು ಹೇಳುವ ಗ್ಲೀಸನ್ ಅಂಕ 3+4, ಒಟ್ಟು 7. ರೋಗ ಗ್ರಂಥಿಯ ಹೊರಗೆ ಹೋಗಿರಲಿಲ್ಲ. ವೈದ್ಯರ ಭಾಷೆಯಲ್ಲಿ ಇದು ಮಧ್ಯಮ ಅಪಾಯದ ಗುಂಪು, ಅದರಲ್ಲೂ ಸೌಮ್ಯವಾದ ಬದಿ. ಹಾರ್ಮೋನ್ ತಡೆಯುವ ಚುಚ್ಚುಮದ್ದು ಇವರಿಗೆ ಬೇಕಿಲ್ಲವೆಂದು ತೀರ್ಮಾನವಾಯಿತು.

‘ಕೊಯ್ದು ತೆಗೆದುಬಿಟ್ಟರೆ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ?’ ಎಂದು ಅವರು ಶಸ್ತ್ರಚಿಕಿತ್ಸಕರನ್ನೂ ಕೇಳಿದರು, ನಮ್ಮ ವೈದ್ಯರನ್ನೂ ಕೇಳಿದರು. ಇಬ್ಬರೂ ಅವರ ಮುಂದೆ ಇಟ್ಟದ್ದು ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದ ಲೆಕ್ಕ. 1999ರಿಂದ 2009ರವರೆಗೆ 1,643 ಪುರುಷರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ನಿಗಾ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ, ಮತ್ತೊಂದಕ್ಕೆ ವಿಕಿರಣ ಎಂದು ಹಂಚಿದ್ದರು. ಹದಿನೈದು ವರ್ಷದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂರೂ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂವರ ಆಸುಪಾಸು ಮಾತ್ರ. ವ್ಯತ್ಯಾಸವಿದ್ದದ್ದು ಬದುಕಿನ ಗುಣಮಟ್ಟದಲ್ಲಿ: ಶಸ್ತ್ರಚಿಕಿತ್ಸೆಯಾದವರಲ್ಲಿ ಮೂತ್ರ ಸೋರುವ ತೊಂದರೆ ಹೆಚ್ಚು, ವಿಕಿರಣವಾದವರಲ್ಲಿ ಮಲವಿಸರ್ಜನೆಯ ತೊಂದರೆ ಹೆಚ್ಚು. ಸ್ಟೆಂಟ್ ಇದ್ದದ್ದರಿಂದ ಅರಿವಳಿಕೆಯ ಭಯವೂ ಸೇರಿ ಅವರು ವಿಕಿರಣದ ಕಡೆ ಒಲಿದರು. ಜನ ಇದಕ್ಕೆ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಅವರೂ ಮೊದಲ ದಿನ ಹಾಗೆಯೇ ಕರೆದರು: ‘ಕರೆಂಟು ಎಷ್ಟು ದಿನ ಕೊಡುತ್ತೀರಿ ತಮ್ಮಾ?’

ಐದು ದಿನ ಎಂದಾಗ ನಂಬಲಿಲ್ಲ. ಅವರ ಪರಿಚಯದವರೊಬ್ಬರು ಹಿಂದೆ ಎಂಟು ವಾರ ಓಡಾಡಿದ್ದರಂತೆ. ಅದೂ ನಿಜವೇ. ಹಿಂದಿನ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂಬುದು ವಿಕಿರಣದ ಪ್ರಮಾಣದ ಅಳತೆ) 37ರಿಂದ 39 ದಿನ ಕೊಡುತ್ತಿದ್ದರು. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳು ಸ್ವಲ್ಪಸ್ವಲ್ಪವಾಗಿ ಕೊಡುವ ವಿಕಿರಣಕ್ಕಿಂತ ಒಮ್ಮೆಗೇ ದೊಡ್ಡ ಪ್ರಮಾಣದಲ್ಲಿ ಕೊಡುವುದಕ್ಕೆ ಹೆಚ್ಚು ಬಗ್ಗುತ್ತವೆ ಎಂಬ ತಿಳಿವಳಿಕೆಯಿಂದ ದಿನಗಳು ಕಡಿಮೆಯಾಗುತ್ತ ಬಂದವು. 2016ರಲ್ಲಿ ಪ್ರಕಟವಾದ ಚಿಪ್ ಅಧ್ಯಯನ 20 ದಿನಗಳು 37 ದಿನಗಳಿಗಿಂತ ಕಡಿಮೆಯೇನಲ್ಲ ಎಂದು ತೋರಿಸಿತು. 2024ರಲ್ಲಿ ಪ್ರಕಟವಾದ ಪೇಸ್-ಬಿ ಅಧ್ಯಯನದಲ್ಲಿ 874 ಪುರುಷರಿದ್ದರು. ಐದೇ ದಿನ ಸ್ಟೀರಿಯೋಟ್ಯಾಕ್ಟಿಕ್ ವಿಕಿರಣ, ಅಂದರೆ ಕರಾರುವಾಕ್ಕಾಗಿ ಗುರಿಯಿಟ್ಟು ದೊಡ್ಡ ಪ್ರಮಾಣದಲ್ಲಿ ಕೊಡುವ ವಿಕಿರಣ, ಪಡೆದವರಲ್ಲಿ ಐದು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರು ಶೇ. 95.8, ಹೆಚ್ಚು ದಿನ ಪಡೆದವರಲ್ಲಿ ಶೇ. 94.6. ಹೀಗೆ ನಮ್ಮ ಯಜಮಾನರಿಗೆ ದಿನ ಬಿಟ್ಟು ದಿನ ಐದು ಬಾರಿ, ಬಾರಿಗೆ 7.25 ಗ್ರೇ, ಗ್ರಂಥಿಯ ಒಳಭಾಗಕ್ಕೆ 8 ಗ್ರೇ ಎಂದು ನಿಗದಿಯಾಯಿತು.

ದಿನ ಕಡಿಮೆಯಾದಷ್ಟೂ ಒಂದೊಂದು ದಿನದ ತೂಕ ಹೆಚ್ಚುತ್ತದೆ. ಮೂವತ್ತೊಂಬತ್ತರಲ್ಲಿ ಒಂದು ದಿನ ಗುರಿ ಕೊಂಚ ಆಚೀಚೆಯಾದರೆ ಉಳಿದ ಮೂವತ್ತೆಂಟು ಅದನ್ನು ತಕ್ಕಮಟ್ಟಿಗೆ ತೂಗಿಸುತ್ತವೆ. ಐದರಲ್ಲಿ ಒಂದು ದಿನ ತಪ್ಪಿದರೆ ಇಡೀ ಚಿಕಿತ್ಸೆಯ ಐದನೇ ಒಂದು ಪಾಲು ತಪ್ಪಿದ ಹಾಗೆ. ನಮಗೆ ಇದು ಗೊತ್ತಿತ್ತು. ಅವರಿಗೆ ನಾವು ಹೇಳಿರಲಿಲ್ಲ.

ಗುರಿ ಹೇಗೆ ಕಟ್ಟುತ್ತೇವೆ

ಪ್ರಾಸ್ಟೇಟ್ ಒಂದೇ ಕಡೆ ನೆಟ್ಟಗೆ ಕೂರುವ ಅಂಗವಲ್ಲ. ಅದರ ಮೇಲೆ ಮೂತ್ರಕೋಶ, ಹಿಂದೆ ಗುದನಾಳ, ನಡುವೆ ಹಾದುಹೋಗುವ ಮೂತ್ರನಾಳ. ಮೂತ್ರಕೋಶ ತುಂಬಿ ಖಾಲಿಯಾದಂತೆ, ಗುದನಾಳದಲ್ಲಿ ಮಲವೋ ಗಾಳಿಯೋ ತುಂಬಿ ಇಳಿದಂತೆ ಗ್ರಂಥಿ ಕೆಲವು ಮಿಲಿಮೀಟರ್ ಜರುಗುತ್ತದೆ. ಸ್ಕ್ಯಾನಿನಲ್ಲಿ ಗ್ರಂಥಿಯ ಅಂಚು ಸ್ಪಷ್ಟವಾಗಿ ಕಾಣದ ಕಾರಣ ಅದರೊಳಗೆ ಮೂರು ಚಿನ್ನದ ಕಾಳುಗಳನ್ನು ಸೂಜಿಯಿಂದ ಕೂರಿಸುತ್ತಾರೆ. ಅಕ್ಕಿ ಕಾಳಿಗಿಂತ ತೆಳ್ಳಗಿನವು. ಗ್ರಂಥಿ ಎಲ್ಲಿಗೆ ಜರುಗಿದರೂ ಕಾಳುಗಳು ಅದರೊಡನೆ ಜರುಗುತ್ತವೆ, ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತವೆ.

ಕಾಳು ಕೂರಿಸಿ ಊತ ಇಳಿಯಲೆಂದು ಸುಮಾರು ಒಂದು ವಾರ ಬಿಟ್ಟು ಯೋಜನೆಯ ಸಿ.ಟಿ. ಸ್ಕ್ಯಾನ್ ಮಾಡಿದೆವು. ಸೊಂಟದ ಮೇಲೆ ಮೂರು ಕಡೆ ಸಾಸಿವೆ ಕಾಳಿನಷ್ಟು ಹಚ್ಚೆಯ ಚುಕ್ಕೆ ಇಟ್ಟೆವು. ಅಂದು ಅವರ ಮೂತ್ರಕೋಶದಲ್ಲಿ ಸುಮಾರು 230 ಮಿಲಿಲೀಟರ್ ಇತ್ತು, ಗುದನಾಳ ಖಾಲಿಯಿತ್ತು. ಭೌತತಜ್ಞರು ಆ ಸ್ಥಿತಿಯ ಮೇಲೆಯೇ ಎಲ್ಲ ಲೆಕ್ಕ ಕಟ್ಟಿದರು. ಗ್ರಂಥಿ ಕೊಂಚ ಜರುಗಿದರೂ ಗುರಿ ತಪ್ಪದಿರಲೆಂದು ವಿಕಿರಣ ಬೀಳುವ ಜಾಗಕ್ಕೆ ಗ್ರಂಥಿಯ ಸುತ್ತ 5 ಮಿಲಿಮೀಟರ್, ಗುದನಾಳದ ಕಡೆ 3 ಮಿಲಿಮೀಟರ್ ಅಂಚು ಸೇರಿಸಿದರು. ಮೂರು ಮಿಲಿಮೀಟರ್ ಎಂದರೆ ಎಷ್ಟು ಎಂದು ನೀವು ನಿಮ್ಮ ಬೆರಳಿನ ಉಗುರಿನ ಮೇಲೆ ಅಳೆದು ನೋಡಬೇಕು.

ಕೊನೆಗೆ ಅವರ ಕೈಗೆ ಒಂದು ಚೀಟಿ ಕೊಟ್ಟೆವು. ಅದರಲ್ಲಿ ಇದ್ದದ್ದು ಇಷ್ಟೇ: ‘ಚಿಕಿತ್ಸೆಗೆ ಬರುವ ಮುನ್ನ ಚೆನ್ನಾಗಿ ನೀರು ಕುಡಿಯಿರಿ. ಹೊಟ್ಟೆ ಖಾಲಿ ಮಾಡಿಕೊಂಡು ಬನ್ನಿ.’ ವರ್ಷಗಳಿಂದ ಕೊಡುತ್ತಿದ್ದ ಚೀಟಿ. ನಾನೂ ನೂರಾರು ಜನರಿಗೆ ಕೊಟ್ಟಿದ್ದೇನೆ.

ಎರಡನೆಯ ದಿನ

ಮೊದಲ ದಿನ ಯಾವ ತೊಡಕೂ ಇಲ್ಲದೆ ಮುಗಿಯಿತು. ನಮ್ಮಲ್ಲಿ ಅಂದು ಮುಕ್ಕಾಲು ಗಂಟೆ ತಡವಾಗಿತ್ತು. ಆ ತಡವೇ ನಮ್ಮನ್ನು ಕಾಪಾಡಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಎರಡನೆಯ ದಿನ ಮೇಜಿನ ಮೇಲೆ ಮಲಗಿಸಿ ಯಂತ್ರದಿಂದಲೇ ಸ್ಕ್ಯಾನ್ ತೆಗೆದೆವು. ಪರದೆಯ ಮೇಲೆ ಗುದನಾಳದ ಜಾಗದಲ್ಲಿ ನಾಲ್ಕು ಸೆಂಟಿಮೀಟರ್ ಅಗಲದ ಕಪ್ಪು ಗುಳ್ಳೆ. ಗಾಳಿ. ಅದು ಗ್ರಂಥಿಯನ್ನು ಹಿಂದಿನಿಂದ ದೂಡಿತ್ತು. ಮೂರೂ ಚಿನ್ನದ ಕಾಳುಗಳು ಮೊನ್ನೆಗಿಂತ 7 ಮಿಲಿಮೀಟರ್ ಮುಂದೆ ಬಂದಿದ್ದವು. ಮೇಜನ್ನು ಅಷ್ಟೇ ಸರಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸರಿಸಿದರೆ ಕಾಳುಗಳು ಗುರಿಯ ಜಾಗಕ್ಕೆ ಬರುತ್ತವೆ ನಿಜ, ಆದರೆ ಉಬ್ಬಿ ನಿಂತ ಗುದನಾಳದ ಮುಂಗೋಡೆಯೂ ಅವುಗಳ ಬೆನ್ನಿಗೇ ಬರುತ್ತದೆ. ಹೆಚ್ಚಿನ ವಿಕಿರಣ ಬೀಳುವುದು ಆ ಗೋಡೆಯ ಮೇಲೆ. ಮುಂದೆ ತಿಂಗಳುಗಟ್ಟಲೆ ರಕ್ತ ಕಾಣಿಸಿಕೊಳ್ಳುವುದು ಅಲ್ಲಿಂದಲೇ.

ಅವರನ್ನು ಇಳಿಸಿ, ಶೌಚಾಲಯಕ್ಕೆ ಹೋಗಿ ಗಾಳಿ ಹೋಗಿಸಿಕೊಂಡು, ಸ್ವಲ್ಪ ಅಡ್ಡಾಡಿ ಬರಲು ಹೇಳಿದೆವು. ಮೂತ್ರ ಮಾತ್ರ ಮಾಡಬೇಡಿ ಎಂದೆವು. ಇಪ್ಪತ್ತೈದು ನಿಮಿಷದ ನಂತರ ಬಂದರು. ಗಾಳಿ ಹೆಚ್ಚುಕಡಿಮೆ ಹೋಗಿತ್ತು, ಆದರೆ ಈಗ ಮೂತ್ರಕೋಶ ಚೆಂಡಿನಂತೆ ಉಬ್ಬಿ 430 ಮಿಲಿಲೀಟರ್ ದಾಟಿತ್ತು. ಒಂದು ಮಾತು ಹೇಳಿ ಇಳಿಸೋಣವೆಂದು ನಾನು ಬಾಗಿಲು ತೆರೆದು ಒಳಗೆ ಹೋಗುವಷ್ಟರಲ್ಲಿ ಅವರ ಕೆಳಗಿನ ಬಟ್ಟೆ ಒದ್ದೆಯಾಗಿತ್ತು.

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಎರಡೂ ಕೈಗಳು ಎದೆಯ ಮೇಲೆ ನಾವು ಇರಿಸಿದ್ದಂತೆಯೇ ಇದ್ದವು. ಅಲುಗಾಡಬೇಡಿ ಎಂದಿದ್ದೆವಲ್ಲ, ಅಲುಗಾಡಿರಲಿಲ್ಲ. ನಾನು ಟವೆಲ್ ತಂದು ಹೊದಿಸಿದೆ. ‘ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದವನು ನಾನು,’ ಎಂದರು. ‘ಮುಂದಿನ ನಿಲ್ದಾಣ ಬರುವವರೆಗೆ ಎಷ್ಟು ಹೊತ್ತಾದರೂ ತಡೆದುಕೊಂಡಿದ್ದೇನೆ. ಇಂದು ನಿಮ್ಮ ಮುಂದೆ ಹೀಗಾಯಿತು.’ ಅಂದು ಚಿಕಿತ್ಸೆ ಕೊಡಲಾಗಲಿಲ್ಲ.

ಬಟ್ಟೆ ಬದಲಿಸಿ ಕೂತ ಮೇಲೆ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳಿದೆ. ಎದ್ದಾಗಿನಿಂದ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಕುಡಿದಿದ್ದರು, ನಡುನಡುವೆ ಬೇಕೆನಿಸಿದಾಗಲೆಲ್ಲ ಮೂತ್ರಕ್ಕೆ ಹೋಗಿದ್ದರು. ಎರಡು ದಿನದಿಂದ ಮಲಬದ್ಧತೆ ಇತ್ತು. ‘ಹೊಟ್ಟೆ ಖಾಲಿ’ ಎಂದು ಚೀಟಿಯಲ್ಲಿದ್ದದ್ದನ್ನು ಊಟ ಮಾಡದೆ ಬರುವುದು ಎಂದು ತಿಳಿದು ಏನೂ ತಿನ್ನದೆ ಬಂದಿದ್ದರು. ಗಾಬರಿಯಲ್ಲಿ ಗಟಗಟ ಕುಡಿದಾಗ ಗಾಳಿಯನ್ನೂ ನುಂಗಿದ್ದರು.

‘ಇಷ್ಟೊಂದು ನೀರು ಯಾಕೆ ಕುಡಿದಿರಿ ಯಜಮಾನರೇ?’

‘ಕರೆಂಟಿನ ಉಷ್ಣ ಇಳಿಯಲಿ ಎಂದು. ಅದಕ್ಕೇ ಅಲ್ಲವೇ ನೀವು ಹೇಳಿದ್ದು?’

ಈ ಉತ್ತರ ಕೇಳಿದಾಗ ನನಗಾದ ಸಂಕಟ ಈಗಲೂ ನೆನಪಿದೆ. ಅವರು ನಮ್ಮ ಮಾತನ್ನು ಮೀರಿರಲಿಲ್ಲ. ನಾವು ಬಿಟ್ಟ ಖಾಲಿ ಜಾಗಕ್ಕೆ ತಮಗೆ ತೋಚಿದ ಕಾರಣವನ್ನು ತುಂಬಿ, ಆ ಕಾರಣಕ್ಕೆ ತಕ್ಕಂತೆ ಅತ್ಯಂತ ಪ್ರಾಮಾಣಿಕವಾಗಿ ನಡೆದುಕೊಂಡಿದ್ದರು. ನೀರು ಉಷ್ಣ ಇಳಿಸಲು ಎಂದಾದರೆ ಹೆಚ್ಚು ಕುಡಿಯುವುದೇ ಸರಿ, ಮೂತ್ರವಾಗಿ ಉಷ್ಣ ಹೊರಗೆ ಹೋಗಲಿ ಎಂದು ಆಗಾಗ ಹೋಗಿ ಬರುವುದೂ ಸರಿ.

ವೈದ್ಯರ ಅನುಮತಿ ಕೇಳಿ ಅವರನ್ನು ನಮ್ಮ ನಿಯಂತ್ರಣ ಕೊಠಡಿಗೆ ಕರೆದುಕೊಂಡು ಬಂದೆ. ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ: ಯೋಜನೆಯ ದಿನದ್ದು, ಗಾಳಿ ತುಂಬಿದ್ದು, ಮೂತ್ರಕೋಶ ಉಬ್ಬಿದ್ದು. ಚಿನ್ನದ ಕಾಳುಗಳನ್ನು ಬೆರಳಿಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ, ‘ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಹಾಗೆ ವಾಲಿದೆ ಇದು,’ ಎಂದರು. ಮೂತ್ರಕೋಶ ಹದವಾಗಿ ತುಂಬಿದ್ದರೆ ಅದರ ಮೇಲ್ಭಾಗವೂ ಸಣ್ಣಕರುಳೂ ವಿಕಿರಣದ ದಾರಿಯಿಂದ ದೂರ ಸರಿಯುತ್ತವೆ, ಗುದನಾಳ ಖಾಲಿಯಿದ್ದರೆ ಅದರ ಗೋಡೆ ಹಿಂದೆ ಉಳಿಯುತ್ತದೆ, ಬಹಳ ತುಂಬುವುದಕ್ಕಿಂತ ಪ್ರತಿ ಬಾರಿಯೂ ಒಂದೇ ಅಳತೆಯಲ್ಲಿ ತುಂಬುವುದು ಮುಖ್ಯ ಎಂದು ವಿವರಿಸಿದೆ. ಐದು ನಿಮಿಷದ ಮಾತು. ಮೊದಲ ದಿನವೇ ಹೇಳಬಹುದಾಗಿದ್ದ ಮಾತು.

‘ಅಂದರೆ ಇದು ಟೈಮಿನ ಕೆಲಸ,’ ಎಂದರು. ‘ಅದು ನನಗೆ ಬರುತ್ತದೆ.’

ಟ್ರಿಪ್ ಶೀಟು

ಮರುದಿನ ಮನೆಯಲ್ಲೇ ಕೂತು ಅಭ್ಯಾಸ ಮಾಡಿದರು. ಚಾಲಕರಾಗಿದ್ದಾಗ ಹೊರಟ ಹೊತ್ತು, ತಲುಪಿದ ಹೊತ್ತು ಬರೆಯುತ್ತಿದ್ದ ಟ್ರಿಪ್ ಶೀಟಿನ ಹಾಗೆಯೇ ಸ್ಕೇಲಿನಿಂದ ಗೆರೆ ಎಳೆದು ಐದು ಕಾಲಂ ಮಾಡಿದ್ದರು. ಮಲವಿಸರ್ಜನೆಯಾದ ಹೊತ್ತು, ಮೂತ್ರ ಪೂರ್ತಿ ಖಾಲಿ ಮಾಡಿದ ಹೊತ್ತು, ಕುಡಿದ ನೀರಿನ ಅಳತೆ, ಕುಡಿದು ಮುಗಿಸಿದ ಹೊತ್ತು, ಒತ್ತಡ ಎಷ್ಟಿದೆ ಎಂಬುದು. ಕೊನೆಯ ಕಾಲಂನಲ್ಲಿ ‘ಅರ್ಧ’, ‘ಮುಕ್ಕಾಲು’, ‘ಪೂರ್ತಿ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಎರಡು ಲೋಟ, ಅಂದರೆ ಸುಮಾರು 400 ಮಿಲಿಲೀಟರ್ ಕುಡಿದು 45 ನಿಮಿಷ ಕಾದರೆ ‘ಮುಕ್ಕಾಲು’ ಆಗುತ್ತದೆ, ಅದನ್ನು ಇನ್ನೂ ಅರ್ಧ ಗಂಟೆ ಆರಾಮವಾಗಿ ತಡೆದುಕೊಳ್ಳಬಹುದು ಎಂದು ತಾವೇ ಕಂಡುಕೊಂಡರು. ವೈದ್ಯರು ಮಲ ಸಡಿಲವಾಗಲು ರಾತ್ರಿ ಔಷಧಿ, ಚಿಕಿತ್ಸೆಯ ಬೆಳಿಗ್ಗೆ ಚಿಕ್ಕ ಎನಿಮಾ ಬರೆದುಕೊಟ್ಟರು.

ತಪ್ಪಿಹೋದ ಎರಡನೆಯ ಬಾರಿಯ ಚಿಕಿತ್ಸೆ ಶುಕ್ರವಾರ. ಸ್ಕ್ಯಾನ್ ತೆಗೆದೆವು: ಮೂತ್ರಕೋಶ 210 ಮಿಲಿಲೀಟರ್, ಗುದನಾಳ ಖಾಲಿ, ಕಾಳುಗಳು ಒಂದು ಮಿಲಿಮೀಟರಿನ ಒಳಗೆ. ಮೇಜು ಒಂದು ಕೂದಲೆಳೆ ಸರಿಯಿತು, ಯಂತ್ರ ಅವರ ಸುತ್ತ ತಿರುಗಿತು, ವಿಕಿರಣ ಬಿದ್ದದ್ದು ಮೂರು ನಿಮಿಷ. ಒಳಗೆ ಕಾಲಿಟ್ಟು ಹೊರಗೆ ಬರುವವರೆಗೆ ಒಟ್ಟು ಹದಿನೆಂಟು ನಿಮಿಷ. ಉಳಿದ ಮೂರು ಬಾರಿಯೂ ಹೀಗೆಯೇ ಆಯಿತು. ಮೂತ್ರಕೋಶ 190ಕ್ಕೆ ಕಡಿಮೆಯಾಗಲಿಲ್ಲ, 250 ದಾಟಲಿಲ್ಲ. ಇಷ್ಟು ಸಮ ಪ್ರಮಾಣವನ್ನು ಕಾಯ್ದುಕೊಂಡ ರೋಗಿಗಳನ್ನು ನಾನು ಕಂಡದ್ದು ಕಡಿಮೆ.

ಇನ್ನೊಂದು ವ್ಯವಸ್ಥೆಯನ್ನೂ ಮಾಡಿಕೊಂಡೆವು. ತಡೆಯಲಾಗದಿದ್ದರೆ ಬಲಗೈಯ ಬೆರಳುಗಳನ್ನು ಎತ್ತಬೇಕು. ಕ್ಯಾಮೆರಾದಲ್ಲಿ ನೋಡುತ್ತಿರುವ ನಾವು ಕೂಡಲೇ ನಿಲ್ಲಿಸುತ್ತೇವೆ. ನಿಲ್ಲಿಸಿದರೆ ಏನೂ ಕೆಡುವುದಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ಅವರು ಒಮ್ಮೆಯೂ ಬೆರಳು ಎತ್ತಲಿಲ್ಲ. ಎತ್ತಬಹುದು ಎಂದು ಗೊತ್ತಿದ್ದದ್ದೇ ಅವರ ಸೊಂಟದ ಬಿಗಿತವನ್ನು ಸಡಿಲಿಸಿತು ಎಂದು ನಾನು ನಂಬಿದ್ದೇನೆ.

ಮನೆಗೆ ಹೋದ ಮೇಲೆ

ಐದು ಬಾರಿಯೂ ನೋವಿಲ್ಲದೆ ಮುಗಿದದ್ದರಿಂದ ಇನ್ನೇನಿದೆ ಎಂದುಕೊಂಡರು. ಆದರೆ ಈ ಚಿಕಿತ್ಸೆಯ ತೊಂದರೆಗಳು ಬರುವುದು ಮುಗಿದ ಮೇಲೆಯೇ ಹೆಚ್ಚು. ಮೂತ್ರದ ಧಾರೆ ಸಣ್ಣದಾಯಿತು, ಉರಿ ಶುರುವಾಯಿತು, ಎರಡನೆಯ ವಾರದಲ್ಲಿ ರಾತ್ರಿ ಆರು ಬಾರಿ ಏಳಬೇಕಾಯಿತು. ಮೂತ್ರದ ತೊಂದರೆ ಅಳೆಯಲು ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ, 35ಕ್ಕೆ ಅಂಕ. ಚಿಕಿತ್ಸೆಗೆ ಮೊದಲು ಅವರದ್ದು 11, ಆಗ 22. ವಿಕಿರಣದಿಂದ ಗ್ರಂಥಿ ಊದಿಕೊಂಡು ನಡುವಿನ ಮೂತ್ರನಾಳವನ್ನು ಒತ್ತುವುದರಿಂದ ಹೀಗಾಗುತ್ತದೆ. ಟ್ಯಾಮ್ಸುಲೋಸಿನ್ ಎಂಬ, ಆ ಭಾಗದ ಸ್ನಾಯು ಸಡಿಲಿಸುವ ಮಾತ್ರೆ ಕೊಟ್ಟರು. ಅದನ್ನು ನುಂಗಿದವರು ಮಲಗಿದಲ್ಲಿಂದ ದಿಢೀರನೆ ಏಳಬಾರದು, ತಲೆ ಸುತ್ತುತ್ತದೆ. ರಾತ್ರಿ ಆರು ಬಾರಿ ಏಳುವ ಮನುಷ್ಯನಿಗೆ ಈ ಎಚ್ಚರಿಕೆ ಬಹಳ ಮುಖ್ಯ. ಹತ್ತು ದಿನ ಮಲದ ಜೊತೆ ಲೋಳೆ ಹೋಯಿತು, ಅವಸರವಾಗುತ್ತಿತ್ತು. ಮಧ್ಯಾಹ್ನದ ಹೊತ್ತು ಮೈಯೆಲ್ಲ ಸೋತುಹೋಗುವ ದಣಿವು ಒಂದು ತಿಂಗಳು ಇತ್ತು. ಮೂರು ತಿಂಗಳ ಹೊತ್ತಿಗೆ ಅಂಕ 9ಕ್ಕೆ ಇಳಿಯಿತು.

ಈ ನಡುವೆ ಅವರ ಹೆಂಡತಿ ಫೋನ್ ಮಾಡಿ ನರ್ಸಮ್ಮನನ್ನು ಕೇಳಿದ ಪ್ರಶ್ನೆಯಿಂದ ಇನ್ನೊಂದು ಸಂಗತಿ ಹೊರಬಂತು. ಎರಡು ವಾರದಿಂದ ಯಜಮಾನರು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ಎರಡು ವರ್ಷದ ಮೊಮ್ಮಗಳು ಓಡಿಬಂದರೆ ಕೈ ಅಡ್ಡ ಹಿಡಿದು ದೂರ ನಿಲ್ಲಿಸುತ್ತಿದ್ದರು. ತಮ್ಮ ಮೈಯಿಂದ ಕರೆಂಟು ಮಗುವಿಗೆ ತಗುಲುತ್ತದೆ ಎಂಬ ಭಯ. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಯಂತ್ರ ನಿಂತ ಕ್ಷಣಕ್ಕೆ ಮುಗಿಯುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ. ಗ್ರಂಥಿಯೊಳಗೆ ವಿಕಿರಣದ ಬೀಜಗಳನ್ನೇ ಶಾಶ್ವತವಾಗಿ ಇರಿಸುವ ಬೇರೊಂದು ಚಿಕಿತ್ಸೆ ಇದೆ. ಅದರಲ್ಲಿ ಮಾತ್ರ ಕೆಲಕಾಲ ಮಕ್ಕಳು, ಗರ್ಭಿಣಿಯರ ವಿಷಯದಲ್ಲಿ ಎಚ್ಚರಿಕೆ ಹೇಳುತ್ತಾರೆ. ಇವರ ಮೈಯಲ್ಲಿದ್ದದ್ದು ಬರೀ ಚಿನ್ನ. ಇದನ್ನೂ ನಾವು ಹೇಳಿರಲಿಲ್ಲ. ಹದಿನಾಲ್ಕು ದಿನ ಒಂದು ಮಗು ತನ್ನ ತಾತ ಏಕೆ ಎತ್ತಿಕೊಳ್ಳುತ್ತಿಲ್ಲ ಎಂದು ತಿಳಿಯದೆ ನಿಂತಿತ್ತು. ಈ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ.

ಒಂಬತ್ತನೆಯ ತಿಂಗಳ ಭೇಟಿಯಲ್ಲಿ ಮತ್ತೆ ಬಾಯಿ ತೆರೆದವರು ಅವರ ಹೆಂಡತಿಯೇ. ‘ಇವರು ಕೇಳುವುದಿಲ್ಲ, ನಾನೇ ಕೇಳುತ್ತೇನೆ,’ ಎಂದು ಶುರುಮಾಡಿ, ಗಂಡ ಹೆಂಡಿರ ನಡುವಿನ ವಿಷಯ ಮೊದಲಿನಂತಿಲ್ಲ ಎಂದರು. ಶಸ್ತ್ರಚಿಕಿತ್ಸೆಯಾದರೆ ಈ ತೊಂದರೆ ತಕ್ಷಣ ಬರುತ್ತದೆ. ವಿಕಿರಣದಲ್ಲಿ ಗ್ರಂಥಿಯ ಪಕ್ಕದ ನರ ಮತ್ತು ರಕ್ತನಾಳಗಳು ನಿಧಾನವಾಗಿ ಸೊರಗುವುದರಿಂದ ಒಂದೆರಡು ವರ್ಷದ ಅವಧಿಯಲ್ಲಿ ಮೆಲ್ಲಗೆ ಇಳಿಯುತ್ತದೆ. ವೀರ್ಯ ಕಡಿಮೆಯಾಗುವುದು ಅಥವಾ ನಿಲ್ಲುವುದು ಸಾಮಾನ್ಯ. ನಿಮಿರುವಿಕೆಗೆ ಸಿಲ್ಡೆನಾಫಿಲ್‌ನಂಥ ಮಾತ್ರೆ ಹಲವರಿಗೆ ನೆರವಾಗುತ್ತದೆ, ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟುವಂತಿಲ್ಲ. ರಕ್ತದೊತ್ತಡ ಪ್ರಾಣಕ್ಕೆ ಬರುವಷ್ಟು ಕುಸಿಯಬಹುದು. ಸ್ಟೆಂಟ್ ಇದ್ದದ್ದರಿಂದ ಹೃದ್ರೋಗ ತಜ್ಞರನ್ನು ಕೇಳಿ, ನೈಟ್ರೇಟ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ವೈದ್ಯರು ಬರೆದುಕೊಟ್ಟರು. ತಕ್ಕಮಟ್ಟಿಗೆ ಉಪಯೋಗವಾಯಿತು. ಆ ಹೆಣ್ಣುಮಗಳು ಕೇಳದೆ ಇದ್ದಿದ್ದರೆ ಈ ಮಾತು ನಮ್ಮ ದಾಖಲೆಗೆ ಬರುತ್ತಲೇ ಇರಲಿಲ್ಲ.

ಹದಿನಾಲ್ಕನೆಯ ತಿಂಗಳಲ್ಲಿ ಮಲದ ಮೇಲೆ ಕೆಂಪು ಗೆರೆ ಕಂಡಿತು. ಅವರು ಹೆದರಿ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವೇ ನಿಲ್ಲಿಸಲು ಹೊರಟಿದ್ದರು. ಸ್ಟೆಂಟ್ ಇದ್ದವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸುವುದು ರಕ್ತ ಕಂಡದ್ದಕ್ಕಿಂತ ದೊಡ್ಡ ಅಪಾಯ. ಕೊಳವೆ ಹಾಕಿ ನೋಡಿದಾಗ ಗುದನಾಳದ ಮುಂಗೋಡೆಯಲ್ಲಿ ವಿಕಿರಣದಿಂದ ಹಿಗ್ಗಿದ ಸಣ್ಣ ರಕ್ತನಾಳಗಳು ಕಂಡವು, ಬೇರೇನೂ ಇರಲಿಲ್ಲ. ನಮ್ಮ ವೈದ್ಯರು ಮೊದಲೇ ಚೀಟಿ ಬರೆದು ಕಳಿಸಿದ್ದರು: ಮುಂಗೋಡೆಯಿಂದ ಬಯಾಪ್ಸಿ ತುಣುಕು ತೆಗೆಯಬೇಡಿ. ವಿಕಿರಣ ಬಿದ್ದ ಆ ಗೋಡೆಗೆ ಗಾಯವಾದರೆ ಸುಲಭಕ್ಕೆ ಮಾಯುವುದಿಲ್ಲ, ತೂತಾಗುವ ಸಂಭವವೂ ಇರುತ್ತದೆ. ಪ್ರಾಸ್ಟೇಟ್ ವಿಕಿರಣ ಪಡೆದ ಯಾರೇ ಆಗಲಿ, ಮುಂದೆ ಕರುಳಿನ ಪರೀಕ್ಷೆಗೆ ಹೋದಾಗ ಆ ವೈದ್ಯರಿಗೆ ಇದನ್ನು ತಾವಾಗಿ ಹೇಳಬೇಕು. ಮಲ ಮೆತ್ತಗಿರುವಂತೆ ನೋಡಿಕೊಂಡರು, ನಾಲ್ಕು ತಿಂಗಳಲ್ಲಿ ರಕ್ತ ನಿಂತಿತು.

ಅಂಕಗಳ ಜೊತೆ ಬದುಕುವುದು

ಗ್ರಂಥಿಯನ್ನು ಕೊಯ್ದು ತೆಗೆದವರ ಪಿಎಸ್‌ಎ ಕೆಲವೇ ವಾರಗಳಲ್ಲಿ ಕಾಣದಷ್ಟು ಇಳಿಯುತ್ತದೆ. ವಿಕಿರಣದಲ್ಲಿ ಗ್ರಂಥಿ ಒಳಗೇ ಇರುತ್ತದೆ, ಕ್ಯಾನ್ಸರ್ ಕೋಶಗಳು ಒಡೆದು ಹೋಗಲು ತಿಂಗಳುಗಳು ಬೇಕು. ಪಿಎಸ್‌ಎ ತಳ ಮುಟ್ಟಲು ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅವರದ್ದು ಮೂರನೆಯ ತಿಂಗಳಿಗೆ 3.1, ಆರಕ್ಕೆ 1.8, ಹನ್ನೆರಡಕ್ಕೆ 0.9. ಹದಿನೆಂಟನೆಯ ತಿಂಗಳಲ್ಲಿ 1.6.

ಆ ಕಾಗದ ಹಿಡಿದು ಬಂದ ದಿನ ಅವರು ನೇರವಾಗಿ ನನ್ನ ಹತ್ತಿರ ಬಂದು, ‘ತಮ್ಮಾ, ಎರಡನೆಯ ದಿನ ತಪ್ಪಿತ್ತಲ್ಲ, ಅದರಿಂದಲೇ?’ ಎಂದರು. ಒಂದೂವರೆ ವರ್ಷ ಆ ಒದ್ದೆಯಾದ ದಿನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅಂದು ವಿಕಿರಣ ಕೊಟ್ಟೇ ಇರಲಿಲ್ಲ, ಐದಕ್ಕೆ ಐದೂ ಸರಿಯಾಗಿ ಬಿದ್ದಿವೆ ಎಂದು ದಾಖಲೆ ತೆರೆದು ತೋರಿಸಿದೆ. ವೈದ್ಯರು ಉಳಿದದ್ದನ್ನು ವಿವರಿಸಿದರು. ವಿಕಿರಣದ ನಂತರ ಮೊದಲ ಮೂರು ವರ್ಷಗಳಲ್ಲಿ ಪಿಎಸ್‌ಎ ಒಮ್ಮೆ ಏರಿ ತಾನಾಗಿ ಇಳಿಯುವುದು ಹಲವರಲ್ಲಿ ಕಾಣುತ್ತದೆ. ಮರುಕಳಿಕೆ ಎಂದು ಪರಿಗಣಿಸುವುದು ಅದು ಮುಟ್ಟಿದ ಅತಿ ಕೆಳಗಿನ ಅಂಕಕ್ಕಿಂತ 2 ಏರಿದಾಗ. ಅವರ ಮಟ್ಟಿಗೆ ಆ ಗಡಿ 2.9. ಅದೇ ಪ್ರಯೋಗಾಲಯದಲ್ಲಿ ಮೂರು ತಿಂಗಳ ನಂತರ ಮತ್ತೆ ನೋಡೋಣ ಎಂದರು. ಆ ಮೂರು ತಿಂಗಳು ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರಿಸಲಿಲ್ಲ. ಇಪ್ಪತ್ತೊಂದನೆಯ ತಿಂಗಳಿಗೆ 1.1 ಬಂತು, ಇಪ್ಪತ್ತನಾಲ್ಕಕ್ಕೆ 0.7, ಮೂವತ್ತಕ್ಕೆ 0.4.

ಹೀಗೊಂದು ಏರಿಳಿತ ಬರಬಹುದೆಂದು ನಾವು ಹನ್ನೆರಡನೆಯ ತಿಂಗಳಲ್ಲೇ, ಅಂಕ ಚೆನ್ನಾಗಿದ್ದಾಗಲೇ ಹೇಳಬೇಕಿತ್ತು. ಏರಿದ ಮೇಲೆ ಹೇಳಿದರೆ ಎಷ್ಟೇ ನಿಜವಾದ ಮಾತೂ ಸಮಾಧಾನದ ಮಾತಿನಂತೆ ಕೇಳುತ್ತದೆ.

ನಮ್ಮಲ್ಲಿ ಬದಲಾದದ್ದು

ಹಳೆಯ ಚೀಟಿಯನ್ನು ತೆಗೆದುಹಾಕಿದೆವು. ಈಗ ಯೋಜನೆಯ ಸ್ಕ್ಯಾನ್ ಆದ ದಿನವೇ ರೋಗಿಗೆ ಅವರದ್ದೇ ಚಿತ್ರ ತೋರಿಸುತ್ತೇವೆ: ಇದು ನಿಮ್ಮ ಮೂತ್ರಕೋಶ, ಇದು ಗುದನಾಳ, ಇವು ಚಿನ್ನದ ಕಾಳು, ಇಷ್ಟೇ ಜಾಗ ನಮಗಿರುವುದು. ನೀರು ಯಾಕೆ ಎಂದು ಅವರ ಬಾಯಿಂದಲೇ ತಿರುಗಿ ಹೇಳಿಸುತ್ತೇವೆ. ಮಗುವನ್ನು ಎತ್ತಿಕೊಳ್ಳಬಹುದು ಎಂಬುದನ್ನು ಕೇಳದಿದ್ದರೂ ಹೇಳುತ್ತೇವೆ. ಬೆರಳು ಎತ್ತುವ ಸನ್ನೆ, ಕೈಗೆಟುಕುವಂತೆ ಒಣ ಟವೆಲ್, ಎರಡೂ ನಿಯಮವಾಗಿವೆ. ರೋಗಿಗಳಿಗೆ ಕೊಡುವ ಐದು ಕಾಲಂನ ಹಾಳೆ ಅವರ ಟ್ರಿಪ್ ಶೀಟಿನ ನಕಲು. ‘ಅರ್ಧ, ಮುಕ್ಕಾಲು, ಪೂರ್ತಿ’ ಎಂಬ ಅವರ ಮಾತುಗಳನ್ನೇ ಉಳಿಸಿಕೊಂಡಿದ್ದೇವೆ. ಇದಕ್ಕೆಲ್ಲ ಪ್ರತಿ ರೋಗಿಗೆ ಹತ್ತು ನಿಮಿಷ ಹೆಚ್ಚು ಬೇಕಾಗುತ್ತದೆ. ಸಾಲು ಉದ್ದವಿರುವ ದಿನ ಆ ಹತ್ತು ನಿಮಿಷಕ್ಕಾಗಿ ನಮ್ಮಲ್ಲೇ ವಾದವಾಗುತ್ತದೆ; ನಾನು ಬಿಟ್ಟುಕೊಡುವುದಿಲ್ಲ.

ಅವರು ಈಗ ಆರು ತಿಂಗಳಿಗೊಮ್ಮೆ ಬರುತ್ತಾರೆ. ರಾತ್ರಿ ಎರಡು ಬಾರಿ ಏಳುವುದು ಉಳಿದಿದೆ, ಮೂತ್ರದ ಅವಸರವೂ ಪೂರ್ತಿ ಹೋಗಿಲ್ಲ. ಮೊನ್ನೆ ಬಂದಾಗ ಮೂಲ ಟ್ರಿಪ್ ಶೀಟನ್ನು ಜೇಬಿನಿಂದ ತೆಗೆದು ತೋರಿಸಿದರು. ಮಡಿಕೆಯ ಜಾಗದಲ್ಲಿ ಸವೆದಿದೆ. ಹಿಂಬದಿಯಲ್ಲಿ ಪಿಎಸ್‌ಎ ಅಂಕಗಳನ್ನು ಒಂದರ ಕೆಳಗೊಂದು ಬರೆಯುತ್ತ ಬಂದಿದ್ದಾರೆ. 1.6ರ ಸುತ್ತ ಪೆನ್ನಿನಿಂದ ಎಷ್ಟು ಬಾರಿ ಸುತ್ತು ಹಾಕಿದ್ದಾರೆಂದರೆ, ಅಲ್ಲಿ ಕಾಗದ ಹರಿದು ಆಚೆ ಬದಿ ಕಾಣುತ್ತದೆ.